ಮರದ ಮನೆಗೆ ಬಣ್ಣ ಬಳಿಯುವ ಮುನ್ನ

ಮುಂಬಯಿಯ ಗಿರಗಾಂವದ ಹಳೆಯ ಓಣಿಗಳಲ್ಲಿ ಮರದ ಗ್ಯಾಲರಿ, ಹಲಗೆಯ ಹೊರಮೈ ಉಳ್ಳ ಮನೆಗಳು ಇಂದಿಗೂ ಉಳಿದಿವೆ. ಅಂಥ ಮನೆಗಳಲ್ಲಿ ಬಾಳುವ ನಾವು ದೀಪಾವಳಿ ಹತ್ತಿರ ಬಂದೊಡನೆ ಬಣ್ಣದ ಡಬ್ಬಿ ತರಲು ಓಡುತ್ತೇವೆ. ಮುಂದಿನ ಮಳೆಗಾಲಕ್ಕೆ ಬಣ್ಣ ಹಪ್ಪಳದಂತೆ ಉಬ್ಬಿದಾಗ ಅಂಗಡಿಯವನನ್ನು ಬಯ್ಯುತ್ತೇವೆ. ಎಷ್ಟೋ ಸಲ ದೋಷ ನಮ್ಮ ಅವಸರದ್ದೇ.

ಜೂನಿನಿಂದ ಸೆಪ್ಟೆಂಬರಿನವರೆಗೆ ನೆನೆದ ಮರದೊಳಗಿನ ನೀರು ಬಿಸಿಲಿಗೆ ಹೊರಬರುವಾಗ ಮೇಲಿನ ಬಣ್ಣವನ್ನು ಎತ್ತಿಬಿಡುತ್ತದೆ. ಆದುದರಿಂದ ಮರ ಚೆನ್ನಾಗಿ ಒಣಗಿದ ಮೇಲೆ, ಡಿಸೆಂಬರ್, ಜನವರಿಯಲ್ಲಿ ಈ ಕೆಲಸ ಹಿಡಿಯುವುದು ಲೇಸು.

ಮೊದಲು ಸೋರಿಕೆ ನಿಲ್ಲಿಸಬೇಕು. ಚಾಕುವಿನ ಮೊನೆ ಸಲೀಸಾಗಿ ಇಳಿದರೆ ಹಲಗೆ ಕೊಳೆತಿದೆಯೆಂದೇ ಅರ್ಥ, ಅದನ್ನು ಬದಲಿಸಬೇಕು. ಬಳಿಕ ಸಡಿಲಾದ ಬಣ್ಣವನ್ನು ಕೆರೆಯಬೇಕು.

ಇಲ್ಲಿ ಎಚ್ಚರ ಅಗತ್ಯ. ಅನೇಕ ಹಳೆಯ ಬಣ್ಣಗಳಲ್ಲಿ ಸೀಸವಿರುತ್ತಿತ್ತು. ಮನೆಗೆ ಬಳಿಯುವ ಬಣ್ಣದಲ್ಲಿ ಅದು 10 ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಆ ಪುಡಿ ಹೊಟ್ಟೆ ಸೇರಿದರೆ ಮಕ್ಕಳ ಬುದ್ಧಿಯ ಬೆಳವಣಿಗೆಗೇ ಕುಂದು. ಒಣಗಿದ ಬಣ್ಣವನ್ನು ಉಜ್ಜಬಾರದು, ಬೆಂಕಿಯಿಂದ ಸುಡಬಾರದು. ನೀರು ಚಿಮುಕಿಸಿ ಕೆರೆಯಬೇಕು. ಕೆಳಗೆ ಪ್ಲಾಸ್ಟಿಕ್ ಹಾಸಿ ಚೂರುಗಳನ್ನು ಕೂಡಿಸಬೇಕು. ಮಕ್ಕಳು, ಗರ್ಭಿಣಿಯರು ದೂರವಿರಲಿ. ಕೆಲಸದವನಿಗೆ ಧೂಳು ತಡೆಯುವ ಮಾಸ್ಕ್ ಕೊಡಿಸೋಣ.

ಮರ ಮತ್ತೆ ಒಣಗಿದ ಮೇಲೆ ಪ್ರೈಮರ್, ಬಿರುಕುಗಳಿಗೆ ಪುಟ್ಟಿ, ಕೊನೆಗೆ ಎರಡು ಕೈ ಬಣ್ಣ. ಹಲಗೆಯ ತುದಿಗಳನ್ನು ಮರೆಯಬಾರದು. ಮರ ನೀರು ಹೆಚ್ಚಾಗಿ ಕುಡಿಯುವುದು ಅಲ್ಲಿಂದಲೇ.

ಕೆರೆಯುವುದಕ್ಕೇ ನಾಲ್ಕು ದಿನ ಬೇಕೆಂದು ಬಣ್ಣದವನು ಕೇಳಿದರೆ, ಈ ಸಲ ಗೊಣಗದೆ ಕೊಡೋಣ.