ಜಿಂಕೆಯ ಹಾವಳಿಯೂ ಕೋವಿಯ ಅಳತೆಯೂ

ಕೆಂಗೇರಿಯ ಆಚೆ, ಬನ್ನೇರುಘಟ್ಟದ ಕಾಡಂಚಿನವರೆಗೆ ರಾಗಿ, ಅವರೆ ಬಿತ್ತುವ ಜಮೀನುದಾರರಲ್ಲಿ, ಜಿಂಕೆಗೆ ಯಾವ ಅಳತೆಯ ಕೋವಿ ತಕ್ಕುದೆಂಬ ಪ್ರಶ್ನೆಯು ಏಳುವುದುಂಟು. ಅಳತೆಯೆಂದರೆ ನಳಿಗೆಯ ಒಳವ್ಯಾಸ. ರೈಫಲ್ಲಿನಲ್ಲಿ .22 ಎಂದರೆ ಅಂಗುಲದ ನೂರರಲ್ಲಿ 22 ಪಾಲು. ಚರೆ ಹಾರಿಸುವ ಬಂದೂಕಿನ 12 ಎಂಬುದಾದರೋ ಬೇರೆ ಲೆಕ್ಕ. ಆ ನಳಿಗೆಗೆ ಸರಿಹೋಗುವ 12 ಸೀಸದ ಉಂಡೆಗಳು ಒಂದು ಪೌಂಡು ತೂಗುವುವು. ಆದುದರಿಂದ 16ನೆಯದು 12ಕ್ಕಿಂತ ಕಿರಿದು. ಇಲ್ಲಿ ಅನೇಕರು ತಪ್ಪುವರು.

.22ರ ಗುಂಡು ಜಿಂಕೆಯನ್ನು ಒಡನೆ ಕೊಲ್ಲದೆ ಗಾಯಗೊಳಿಸುವುದೇ ಹೆಚ್ಚು. ಪ್ರಾಣಿಯು ಪೊದೆ ಸೇರಿ ನರಳಿ ಸಾಯುವುದು. ಇಂಗ್ಲೆಂಡಿನ 1991ರ ಜಿಂಕೆ ಕಾಯಿದೆಯು ಸಾಮಾನ್ಯವಾಗಿ .240ಕ್ಕೆ ಕಡಮೆಯಾದ ರೈಫಲ್ಲನ್ನು ನಿಷೇಧಿಸಿದೆ. ನಮ್ಮ ದೇಶದ .315 ಇದಕ್ಕೆ ಮೇಲ್ಪಟ್ಟುದು. ಆದರೆ ಗುರಿ ತಪ್ಪಿದ ಅದರ ಗುಂಡು ಮೈಲಿಗೂ ಮಿಕ್ಕಿ ಹೋಗುವುದು. ಮನೆಗಳು ದಟ್ಟವಾದ ಈ ಸೀಮೆಯಲ್ಲಿ ಅದು ಅಲ್ಪ ಅಪಾಯವಲ್ಲ.

ಅಳತೆ ಯಾವುದಾದರೂ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಜಿಂಕೆಯ ಬೇಟೆಯು ನಿಷಿದ್ಧ. ಬೆಳೆ ಹಾಳಾದರೂ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರಿಂದ ಅಧಿಕಾರ ಪಡೆದವರ ಲಿಖಿತ ಆಜ್ಞೆಯಿಲ್ಲದೆ ಹೊಡೆಯಕೂಡದು. 1959ರ ಆಯುಧ ಕಾಯಿದೆಯು ಬೆಳೆ ರಕ್ಷಣೆಗೆಂದು ಹೆಸರಿಸಿರುವುದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು; ಆ ಲೈಸೆನ್ಸು ಕೊಲ್ಲುವ ಅಪ್ಪಣೆಯಲ್ಲ. ಗ್ರಾಮದ ಮುಖಂಡರು ಇದನ್ನು ಕೋವಿಯುಳ್ಳವರಿಗೆ ಬಿತ್ತನೆಗೆ ಮುಂಚೆಯೇ ತಿಳಿಸತಕ್ಕದ್ದು. ಹಾನಿಯಾದಲ್ಲಿ, ಗೊರಸಿನ ಗುರುತು ಅಳಿಯುವ ಮುನ್ನ, ವಲಯ ಅರಣ್ಯಾಧಿಕಾರಿಗೆ ಬರೆದು ತಿಳಿಸುವುದು.