ಭಾಗವತರು ಮತ್ತು ನಾಟಕದ ಮೇಷ್ಟರು: ತೆಂಗಿನ ಸೀಮೆಯ ರಂಗಶಿಕ್ಷಕರ ಜೀವನೋಪಾಯ

ನಾಟಕವನ್ನು ನಿರ್ದೇಶಿಸುವವನೂ ಕುಣಿತವನ್ನು ಸಂಯೋಜಿಸುವವನೂ ಅದನ್ನೇ ವೃತ್ತಿಯಾಗಿ ನೆಚ್ಚಿ ಬಾಳಬಲ್ಲನೆ ಎಂಬ ಪ್ರಶ್ನೆಯು ನಗರದ ರಂಗಭೂಮಿಗೆ ಮಾತ್ರ ಸೇರಿದುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಅದು ಹಳ್ಳಿಹಳ್ಳಿಯ ಪ್ರಶ್ನೆ. ಆ ಕೆಲಸವನ್ನು ಮಾಡುವವನಿಗೆ ಇಲ್ಲಿ ನಿರ್ದೇಶಕನೆಂಬ ಹೆಸರು ಇಲ್ಲದಿರುವುದರಿಂದ ನಮಗೆ ಅದು ಕಾಣದೆ ಹೋಗಿದೆ, ಅಷ್ಟೆ. ಮೂಡಲಪಾಯ ಯಕ್ಷಗಾನದಲ್ಲಿ ಅವನು ಭಾಗವತ. ಪೌರಾಣಿಕ ನಾಟಕದಲ್ಲಿ ಹಾರ್ಮೋನಿಯಂ ಮೇಷ್ಟರು.

ಮದ್ದಳೆ, ಮುಖವೀಣೆ, ತಾಳಗಳ ನಡುವೆ ನಿಂತು ಪದ್ಯ ಹಾಡುವುದು ಭಾಗವತನ ಕೆಲಸದ ಒಂದು ಭಾಗ ಮಾತ್ರ. ಆಟಕ್ಕೆ ಮೊದಲು ತಿಂಗಳುಗಟ್ಟಲೆ, ಹಗಲೆಲ್ಲ ತೋಟ ಹೊಲಗಳಲ್ಲಿ ದುಡಿದು ಬಂದ ರೈತರಿಗೆ ರಾತ್ರಿಯ ಹೊತ್ತು ಪದ್ಯವನ್ನೂ ಮಾತನ್ನೂ ಕಲಿಸುವವನು ಅವನೇ. ತೆರೆಯ ಮರೆಯಿಂದ ಹೊರಬರುವ ರಾಜವೇಷಕ್ಕೆ ತಕ್ಕ ಹೆಜ್ಜೆ ಯಾವುದು, ಸ್ತ್ರೀವೇಷಕ್ಕೆ ಯಾವುದು, ಭಾರವಾದ ಕಿರೀಟ ಭುಜಕೀರ್ತಿಗಳನ್ನು ಹೊತ್ತು ಹೇಗೆ ತಿರುಗಬೇಕು ಎಂಬುದನ್ನೆಲ್ಲ ಅವನೇ ತಿದ್ದಬೇಕು. ನಿರ್ದೇಶಕ, ಸಂಗೀತಗಾರ, ನೃತ್ಯಶಿಕ್ಷಕ ಎಂದು ಇಂದು ಮೂವರಿಗೆ ಹಂಚುವ ಹೊರೆಯನ್ನು ಇಲ್ಲಿ ಒಬ್ಬನೇ ಹೊರುತ್ತಾನೆ.

ಪಡುವಲಪಾಯದೊಡನೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುವುದು. ಕರಾವಳಿಯಲ್ಲಿ ಮೇಳಗಳುಂಟು, ದೇವಸ್ಥಾನದ ಹೆಸರಿನಲ್ಲಿ ಹೊರಟ ಮೇಳವು ಸುಮಾರು ಆರು ತಿಂಗಳು ತಿರುಗಾಟ ಮಾಡಿ ವೇಷಧಾರಿಗೂ ಭಾಗವತನಿಗೂ ಸಂಬಳ ಕೊಡುತ್ತದೆ. ಮೂಡಲಪಾಯದಲ್ಲಿ ಆಡುವವರು ಊರಿನ ಹವ್ಯಾಸಿಗಳು; ಅವರಿಗೆ ಸಂಬಳವಿಲ್ಲ. ಪೌರಾಣಿಕ ನಾಟಕದಲ್ಲಂತೂ ಪಾತ್ರಧಾರಿಯೇ ಹಣ ಕೊಡಬೇಕು. ‘ಕುರುಕ್ಷೇತ್ರ’ದ ಕೃಷ್ಣನಿಗೋ ದುರ್ಯೋಧನನಿಗೋ ಹೆಚ್ಚು, ಸಣ್ಣ ಪಾತ್ರಕ್ಕೆ ಕಡಮೆ ಎಂದು ಊರಿನಲ್ಲಿ ನಿಶ್ಚಯವಾಗುತ್ತದೆ. ಸೀನರಿ, ದೀಪ, ವಾದ್ಯ, ಹೊರಗಿನಿಂದ ಕರೆತರುವ ಸ್ತ್ರೀಪಾತ್ರದ ಕಲಾವಿದೆಯರ ಸಂಭಾವನೆ, ಮೇಷ್ಟರ ಸಂಭಾವನೆ—ಎಲ್ಲವೂ ಆ ಹಣದಿಂದಲೇ. ಹೀಗಾಗಿ ಪಾತ್ರವರ್ಗದ ಪೈಕಿ ಬಹುಮಂದಿ ಹಣ ತೆತ್ತು ಆಡುವವರು. ಕಲಿಸುವವನು ಮಾತ್ರ ಅದರಿಂದಲೇ ಉಣ್ಣುವವನು.

ಇದರ ಪರಿಣಾಮ ಕಲೆಯ ಮೇಲೂ ಆಗುತ್ತದೆ. ಪಾತ್ರಕ್ಕೆ ತಕ್ಕವನನ್ನು ಆರಿಸುವ ಸ್ವಾತಂತ್ರ್ಯ ಮೇಷ್ಟರಿಗಿಲ್ಲ. ಕೃಷ್ಣನ ಪಾತ್ರಕ್ಕೆ ಇಬ್ಬರು ಮೂವರು ಮುಂದೆ ಬಂದರೆ ಮೊದಲನೆಯ ಕೃಷ್ಣ, ಎರಡನೆಯ ಕೃಷ್ಣ ಎಂದು ದೃಶ್ಯಗಳನ್ನು ಹಂಚಬೇಕು. ಒಬ್ಬನ ಕಂಠ ಏರದಿದ್ದರೆ ಶ್ರುತಿ ಇಳಿಸಬೇಕು. ಇನ್ನೊಬ್ಬನಿಗೆ ತಾಳ ನಿಲ್ಲದಿದ್ದರೆ ಹಾಡನ್ನು ಮೊಟಕು ಮಾಡಬೇಕು. ಪೇಟೆಯ ವಿಮರ್ಶಕರು ಇದನ್ನು ಕಂಡು ನಗುವುದುಂಟು. ದೊರೆತವರಿಂದಲೇ ದೊರೆತಷ್ಟನ್ನು ಹೊರಡಿಸುವ ಈ ಕೌಶಲ ಸಾಮಾನ್ಯವಾದುದಲ್ಲವೆಂದು ನಮ್ಮ ಅಭಿಪ್ರಾಯ.

ಇನ್ನು ಆದಾಯದ ಮೂಲ. ಈ ಸೀಮೆಯಲ್ಲಿ ಕಾಯನ್ನು ಅಟ್ಟಕ್ಕೇರಿಸಿ ತಿಂಗಳುಗಟ್ಟಲೆ ಒಣಗಿಸಿ ಉಂಡೆ ಕೊಬ್ಬರಿ ಮಾಡಿ ತಿಪಟೂರಿನ ಮಾರುಕಟ್ಟೆಗೆ ತರುತ್ತಾರೆ. ಪಾತ್ರದ ಹಣಕ್ಕೂ ಆ ಕೊಬ್ಬರಿಯೇ ಆಧಾರ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದರೂ ಮಾರುಕಟ್ಟೆಯ ಬೆಲೆ ಅದಕ್ಕಿಂತ ಬಹಳ ಕೆಳಗೆ ಬಿದ್ದಿತು. ಅಂತಹ ವರ್ಷದಲ್ಲಿ ರೈತನು ಮೊದಲು ಕೈಬಿಡುವ ವೆಚ್ಚ ನಾಟಕದ್ದೇ ಆಗುವುದು ಸಹಜ. ರೈತನಿಗಾದರೆ ಬೆಂಬಲ ಬೆಲೆಯೆಂಬುದೊಂದಿದೆ, ಮೇಷ್ಟರಿಗೆ ಅಂತಹುದಿಲ್ಲ.

ಕಂಪನಿ ನಾಟಕಗಳ ಕಾಲದಲ್ಲಿ ಈ ಆಸರೆಯನ್ನು ಟಿಕೆಟ್ಟಿನ ಹಣ ಒದಗಿಸುತ್ತಿತ್ತು. ತಿಪಟೂರಿನ ರೈಲುಮಾರ್ಗದಲ್ಲಿಯೇ ಇರುವ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಕಂಪನಿಯು ವೀರಣ್ಣನವರ ಕೈಯಲ್ಲಿ ಬೆಳೆದು ಅನೇಕ ಕಲಾವಿದರಿಗೆ ಅನ್ನವನ್ನೂ ವಿದ್ಯೆಯನ್ನೂ ಕೊಟ್ಟಿತು. ತಿಪಟೂರಿನಲ್ಲಿ ಹುಟ್ಟಿದ ನಟ ನರಸಿಂಹರಾಜು ಅವರೂ ಬಾಲ್ಯದಿಂದ ಕಂಪನಿಗಳಲ್ಲಿಯೇ ಪಳಗಿದವರು. ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯವಾದುದು ಬಿ. ವಿ. ಕಾರಂತರ ನಿದರ್ಶನ. ಮನೆ ಬಿಟ್ಟು ಬಂದು ಕಂಪನಿ ಸೇರಿದ ಈ ಹುಡುಗನನ್ನು ವೀರಣ್ಣನವರು ಮುಂದೆ ಕಾಶಿಗೆ ವ್ಯಾಸಂಗಕ್ಕೆ ಕಳುಹಿಸಿದರು. ಅವರು 1977ರಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದರು. ಪ್ರಯೋಗದ ಖರ್ಚನ್ನಲ್ಲದೆ ಕಲಿಯುವ ವರ್ಷಗಳ ಖರ್ಚನ್ನು ಒಬ್ಬರು ಹೊತ್ತುದರ ಫಲವಿದು.

ಹೆಗ್ಗೋಡಿನಲ್ಲಿ 1949ರಲ್ಲಿ ಆರಂಭವಾದ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ತಿರುಗಾಟವನ್ನೂ ತೊಡಗಿತು. ನೆರೆಯ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ 1997ರಿಂದ ಶಿವಸಂಚಾರವಿದೆ. ಇವುಗಳಿಂದ ನಿರ್ದೇಶಕರಿಗೆ ಕೆಲಸ ದೊರೆತಿದೆ. ಆದರೆ ಭಾಗವತನಾಗಲಿ ಹಳ್ಳಿಯ ಮೇಷ್ಟರಾಗಲಿ ಈ ದಾರಿಯಲ್ಲಿ ಬರುವವರಲ್ಲ. ಅವರಿಗೆ ಸರ್ಕಾರದಿಂದ ಸಲ್ಲುವುದು ಹೆಚ್ಚಾಗಿ ಮುಪ್ಪಿನ ಮಾಸಾಶನ ಅಥವಾ ಪ್ರಶಸ್ತಿ. ಮುಪ್ಪಿಗೆ ಮಾಸಾಶನ ಬೇಕು, ಸಂದೇಹವಿಲ್ಲ. ಅದರಿಂದ ಶಿಷ್ಯನು ಹುಟ್ಟುವುದಿಲ್ಲ. ತಂಜಾವೂರಿನ ದಕ್ಷಿಣ ವಲಯ ಸಾಂಸ್ಕೃತಿಕ ಕೇಂದ್ರದಂತಹ ಸಂಸ್ಥೆಗಳ ಗುರುಶಿಷ್ಯ ಯೋಜನೆಯಲ್ಲಿ ಗುರುವಿಗೂ ಶಿಷ್ಯರಿಗೂ ತಿಂಗಳ ವೇತನವುಂಟು. ನಮ್ಮ ಮಟ್ಟಿಗೆ ಸರಿಯಾದ ಮಾದರಿ ಇದು.

ಈ ಮಾದರಿಯನ್ನು ತೆಂಗಿನ ಸೀಮೆಗೆ ಅಳವಡಿಸುವುದಾದರೆ ಮದ್ದಳೆಯವನನ್ನೂ ಮುಖವೀಣೆಯವನನ್ನೂ ಬಿಡುವಂತಿಲ್ಲ. ಅವರಿಲ್ಲದೆ ಹೆಜ್ಜೆ ಕಲಿಸಲಾಗದು. ಪ್ರಸಂಗಗಳಲ್ಲಿ ಅನೇಕವು ಅಚ್ಚಾಗಿವೆ. ಕುಣಿತವಾದರೋ ಭಾಗವತರ ಕಾಲುಗಳಲ್ಲಿ ಮಾತ್ರ ಉಳಿದಿದೆ. ಕಾಲೇಜುಗಳ ಕನ್ನಡ ವಿಭಾಗಗಳು ಒಬ್ಬೊಬ್ಬ ಭಾಗವತರನ್ನು ವರ್ಷಕ್ಕೆ ಮೂರು ತಿಂಗಳಾದರೂ ಸಂಬಳ ಕೊಟ್ಟು ಅಧ್ಯಾಪಕರಂತೆಯೇ ಕರೆಸಿಕೊಂಡರೆ ವಿದ್ಯಾರ್ಥಿಗಳಿಗೆ ಒಡ್ಡೋಲಗದ ಕುಣಿತ ಬರುವುದು. ಭಾಗವತರಿಗೆ ಮಳೆಗಾಲದ ಬಿಡುವಿನ ತಿಂಗಳುಗಳಲ್ಲಿ ಒಲೆ ಉರಿಯುವುದು.