ಆಸಿಲೋಸ್ಕೋಪಿಗೆ ಅರಿಶಿನ ಕುಂಕುಮ

ಆಯುಧಪೂಜೆಯ ದಿನ ನಮ್ಮ ಮನೆಯ ಗರಾಜು ನೋಡಬೇಕು. ಕಾರಿನ ಚಕ್ರದಡಿ ನಿಂಬೆಹಣ್ಣು ಇಡುವುದು ನೀವೆಲ್ಲರೂ ಮಾಡುವುದೇ. ನಮ್ಮಲ್ಲಿ ಅದರ ಜೊತೆಗೆ ಸೋಲ್ಡರಿಂಗ್ ಐರನ್, ಮಲ್ಟಿಮೀಟರು, ಸ್ಕ್ರೂಡ್ರೈವರ್ ಡಬ್ಬ, ಹತ್ತಾರು ಪುಟ್ಟ ಸರ್ಕ್ಯೂಟ್ ಬೋರ್ಡುಗಳು, ಇವೆಲ್ಲದರ ನಡುವೆ ಉತ್ಸವಮೂರ್ತಿಯ ಹಾಗೆ ಒಂದು ಹಳೆಯ ಆಸಿಲೋಸ್ಕೋಪು. ನನ್ನಾಕೆ ಅದಕ್ಕೆ ಅರಿಶಿನ ಕುಂಕುಮ ಇಡುವಾಗ ನಾನು ಪಕ್ಕದಲ್ಲೇ ನಿಂತು, "ಕನೆಕ್ಟರ್ ಒಳಗೆ ಬೀಳದ ಹಾಗೆ ನೋಡ್ಕೋ ಮಾರಾಯ್ತಿ" ಎಂದು ಗೋಗರೆಯುತ್ತೇನೆ. "ನನ್ನ ಸವತಿಗೆ ನಾನೇ ಕುಂಕುಮ ಇಡ್ತಿದೀನಿ, ಸುಮ್ನಿರ್ರೀ" ಎಂಬುದು ಪ್ರತಿವರ್ಷದ ಉತ್ತರ.

ಇಂಜಿನಿಯರರಲ್ಲದವರಿಗೆ ಒಂದು ಮಾತು. ಡಾಕ್ಟರಿಗೆ ಇಸಿಜಿ ಹೇಗೋ ಎಲೆಕ್ಟ್ರಾನಿಕ್ಸ್‌ನವನಿಗೆ ಆಸಿಲೋಸ್ಕೋಪು ಹಾಗೆ. ತಂತಿಯೊಳಗೆ ಓಡುವ ವೋಲ್ಟೇಜಿನ ಏರಿಳಿತವನ್ನು ತೆರೆಯ ಮೇಲೆ ಗೆರೆಯಾಗಿ ಬಿಡಿಸಿ ತೋರಿಸುತ್ತದೆ. ಊರಿನ ಕಾಲೇಜುಗಳಲ್ಲಿ ಇದಕ್ಕೆ ಸಿಆರ್‌ಓ ಎಂದೇ ಹೆಸರು. ಅದಿಲ್ಲದಿದ್ದರೆ ನಾವು ಮಾಡುವುದೆಲ್ಲ ಬರೀ ಊಹೆ.

1984ರಲ್ಲಿ ನಾನು ಸೇರಿದ ಇಂಜಿನಿಯರಿಂಗ್ ಕಾಲೇಜಿನಲ್ಲಿ ನಮ್ಮ ತರಗತಿಗೆ ಅರವತ್ತು ಜನ, ಸಿಆರ್‌ಓ ಎರಡು. ಎರಡೂ ಕಬ್ಬಿಣದ ಬೀರುವಿನೊಳಗೆ, ಬೀರುವಿನ ಕೀಲಿಕೈ ಅಟೆಂಡರ್ ಸೊಂಟದಲ್ಲಿ. ಪರೀಕ್ಷೆಗೆ ಹೊರಗಿನ ಪರೀಕ್ಷಕರು ಬಂದ ದಿನ ಮಾತ್ರ ಅವು ಮೇಜಿನ ಮೇಲೆ ಬರುತ್ತಿದ್ದವು. ಆಗಲೂ ಗುಂಡಿ ತಿರುಗಿಸುವವರು ಅಟೆಂಡರೇ, ನಮಗೆ ದೂರದಿಂದ ದರ್ಶನ. ಉಳಿದವರಿಗೆ ಆಯುಧಪೂಜೆ ವರ್ಷಕ್ಕೊಂದು ದಿನವಾದರೆ ನಮ್ಮ ಲ್ಯಾಬಿನಲ್ಲಿ ವರ್ಷದ ಮುನ್ನೂರ ಅರವತ್ತೈದೂ ದಿನ.

ಆಗ ಆ ಮನುಷ್ಯನನ್ನು ಮನಸಾರೆ ಬೈದುಕೊಂಡಿದ್ದೇನೆ. ಈಗ ಯೋಚಿಸಿದರೆ ಅವರದೇನು ತಪ್ಪು? ಸ್ಟಾಕ್ ರಿಜಿಸ್ಟರಿನಲ್ಲಿ ಅವರ ಸಹಿ ಇತ್ತು. ಏನಾದರೂ ಸುಟ್ಟುಹೋದರೆ ಮೊದಲು ಕರೆಸುವುದು ಅವರನ್ನು. ಯಾರೂ ಮುಟ್ಟದೆ ಇದ್ದು ಹಾಳಾದರೆ ಯಾರೂ ಕೇಳುವುದಿಲ್ಲ, ಹುಡುಗರು ಮುಟ್ಟಿ ಹಾಳಾದರೆ ಸಂಬಳಕ್ಕೆ ಸಂಚಕಾರ. ಅವರ ಜಾಗದಲ್ಲಿ ನಾನಿದ್ದರೂ ಬೀಗವನ್ನೇ ಹಾಕುತ್ತಿದ್ದೆ. ಮುಂದೆ ಹಾಕಿಯೂ ಹಾಕಿದೆ, ಆ ಕಥೆ ಆಮೇಲೆ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾವು ನಾಲ್ವರು ಟ್ರಾಫಿಕ್ ದೀಪದ ಕಂಟ್ರೋಲರ್ ಮಾಡಲು ಹೊರಟೆವು. 8085 ಮೈಕ್ರೋಪ್ರೊಸೆಸರು, ಪ್ರೋಗ್ರಾಮು ಇಡಲು 2716 ಎಂಬ ಇಪ್ರಾಮ್ ಚಿಪ್ಪು. ಅದರಲ್ಲಿ ಹಿಡಿಸುವುದು 2048 ಬೈಟು, ಈ ಲೇಖನದ ಎರಡು ಪ್ಯಾರಾ ಕೂಡ ಅದರೊಳಗೆ ಕೂರುವುದಿಲ್ಲ. ಬೆನ್ನಿನ ಮೇಲೆ ಒಂದು ಪುಟ್ಟ ಗಾಜಿನ ಕಿಟಕಿ. ಬರೆದದ್ದು ತಪ್ಪಾದರೆ ಆ ಕಿಟಕಿಗೆ ಅಲ್ಟ್ರಾವಯೊಲೆಟ್ ದೀಪ ಹಿಡಿದು ಇಪ್ಪತ್ತು ನಿಮಿಷ ಕಾಯಬೇಕು, ಎಲ್ಲ ಅಳಿಸಿಹೋಗುತ್ತದೆ. ಆ ದೀಪವೂ ಅದೇ ಬೀರುವಿನಲ್ಲಿತ್ತು! ಎರಡು ಸಲ ಕೇಳಿ, ಮೂರನೆಯ ಸಲ ಕೇಳಲು ಧೈರ್ಯವಾಗಲಿಲ್ಲ. ಆಗ ಗೆಳೆಯನೊಬ್ಬ ಡೇಟಾಶೀಟ್ ಓದಿ ಒಂದು ಸಾಲು ಹುಡುಕಿದ. ನೇರ ಬಿಸಿಲಿಗೆ ಇಟ್ಟರೆ ಸುಮಾರು ಒಂದು ವಾರದಲ್ಲಿ ಚಿಪ್ಪು ಅಳಿಸಿಹೋಗುತ್ತದೆ ಎಂದಿತ್ತು. ಬೇಸಿಗೆ ಬೇರೆ. ನಮ್ಮ ಮನೆಯ ತಾರಸಿಯಲ್ಲಿ ಅಮ್ಮ ಹಳೇ ಪಂಚೆ ಹಾಸಿ ಸಂಡಿಗೆ ಇಟ್ಟಿದ್ದರು, ಅದರ ಮೂಲೆಯಲ್ಲಿ ನಮ್ಮ ಮೂರು ಚಿಪ್ಪುಗಳನ್ನೂ ಸಾಲಾಗಿ ಇಟ್ಟೆ. ಸಂಜೆ ಸಂಡಿಗೆ ತೆಗೆಯಲು ಹೋದ ಅಮ್ಮ ಅವನ್ನು ಅಂಗೈಯಲ್ಲಿಟ್ಟುಕೊಂಡು ಕೆಳಗಿಳಿದು ಬಂದು, "ಇದನ್ನೂ ಕರೀಬೇಕೇನೋ?" ಎಂದರು. ಒಂದು ತಪ್ಪಿಗೆ ಒಂದು ವಾರ ಬಿಸಿಲು. ಹಾಗಾಗಿ ನಾವು ಪ್ರೋಗ್ರಾಮನ್ನು ಕಾಗದದ ಮೇಲೆ ಹತ್ತು ಸಲ ಓದಿಯೇ ಚಿಪ್ಪಿಗೆ ಬರೆಯುತ್ತಿದ್ದೆವು. ಆ ಅಭ್ಯಾಸ ಇವತ್ತಿಗೂ ಉಳಿದಿದೆ, ಅದಕ್ಕೆ ಬೀರುವಿಗೇ ಕೃತಜ್ಞತೆ ಹೇಳಬೇಕು.

1994ರಲ್ಲಿ ಬೇ ಏರಿಯಾಕ್ಕೆ ಬಂದೆ. ಮೊದಲ ವಾರಾಂತ್ಯ ಸನ್ನಿವೇಲಿನ ಫ್ರೈಸ್ ಅಂಗಡಿಗೆ ಹೋದಾಗ ಬೆಂಗಳೂರಿನ ಎಸ್.ಪಿ. ರೋಡಿಗೆ ಯಾರೋ ಏರ್‌ಕಂಡೀಷನ್ ಹಾಕಿಸಿದ್ದಾರೆ ಅನ್ನಿಸಿತು. ಒಂದು ಕಡೆ ಆಲೂಗಡ್ಡೆ ಚಿಪ್ಸು, ಇನ್ನೊಂದು ಕಡೆ ಸಿಲಿಕಾನ್ ಚಿಪ್ಪು. (ಫ್ರೈಸ್ 2021ರ ಫೆಬ್ರವರಿಯಲ್ಲಿ ಎಲ್ಲ ಅಂಗಡಿಗಳನ್ನೂ ಮುಚ್ಚಿತು. ನನ್ನಂಥವರಿಗೆ ಅದು ಸೂತಕವೇ.) ಆದರೆ ನಿಜವಾದ ಬೆರಗು ಕಾದಿದ್ದು ಕಂಪನಿಯ ಲ್ಯಾಬಿನಲ್ಲಿ. ಪ್ರತಿ ಮೇಜಿನ ಮೇಲೂ ಒಂದು ಆಸಿಲೋಸ್ಕೋಪು, ಬಾಗಿಲು ಹಾರುಹೊಡೆದಿದೆ. "ಯಾರ ಹತ್ತಿರ ಸಹಿ ಹಾಕಿಸಬೇಕು?" ಎಂದು ಕೇಳಿದೆ. ಪಕ್ಕದವನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.

ಇದರ ಮೂಲ ಸ್ವಲ್ಪ ಗೊತ್ತಾಗಿದ್ದು ಡೇವಿಡ್ ಪ್ಯಾಕರ್ಡ್ 1995ರಲ್ಲಿ ಬರೆದ 'ದಿ ಎಚ್‌ಪಿ ವೇ' ಓದಿದಾಗ. 1939ರಲ್ಲಿ ಪಾಲೋ ಆಲ್ಟೋದ ಆಡಿಸನ್ ಅವೆನ್ಯೂದ ಗರಾಜಿನಿಂದ ಹ್ಯೂಲೆಟ್ ಮತ್ತು ಪ್ಯಾಕರ್ಡ್ ಕಂಪನಿ ಶುರುಮಾಡಿದ್ದು ನಿಮಗೆ ಗೊತ್ತೇ ಇದೆ, ಊರಿನಿಂದ ಬಂದ ನೆಂಟರನ್ನು ಕರೆದುಕೊಂಡು ಹೋಗಿ ಫೋಟೋನೂ ತೆಗೆಸಿರುತ್ತೀರಿ. ಪ್ಯಾಕರ್ಡ್ ಅದಕ್ಕೆ ಮೊದಲು ಜನರಲ್ ಎಲೆಕ್ಟ್ರಿಕ್‌ನಲ್ಲಿದ್ದರು. ಅಲ್ಲಿ ಕಳ್ಳತನವಾಗಬಾರದೆಂದು ಬಿಡಿಭಾಗಗಳಿಗೂ ಸಲಕರಣೆಗಳಿಗೂ ಭಾರಿ ಕಾವಲು, ಆ ಅಪನಂಬಿಕೆಗೆ ಸೇಡು ತೀರಿಸಿಕೊಳ್ಳುವ ಹಾಗೆ ಜನ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹೋಗುತ್ತಿದ್ದರಂತೆ. ತಮ್ಮ ಕಂಪನಿಯಲ್ಲಿ ಅದು ಬೇಡವೆಂದು ಇಬ್ಬರೂ ಸ್ಟೋರು ತೆರೆದೇ ಇಟ್ಟರು. ಒಂದು ವಾರಾಂತ್ಯ ಹ್ಯೂಲೆಟ್ ಮೈಕ್ರೋಸ್ಕೋಪ್ ತೆಗೆದುಕೊಳ್ಳಲು ಬಂದಾಗ ಸ್ಟೋರಿಗೆ ಬೀಗ ಬಿದ್ದಿತ್ತು. ಅವರು ಅಗುಳಿ ಮುರಿದು ಒಳಗೆ ಹೋಗಿ, ಇನ್ನುಮುಂದೆ ಇದಕ್ಕೆ ಬೀಗ ಹಾಕಕೂಡದೆಂದು ಚೀಟಿ ಬರೆದಿಟ್ಟು ಹೋದರು. ಇನ್ನೊವೇಶನ್ ಬಗ್ಗೆ ಕಂಪನಿಗಳು ಗೋಡೆಗೆ ಅಂಟಿಸುವ ಪೋಸ್ಟರುಗಳನ್ನು ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ. ಆ ಚೀಟಿಯ ತೂಕ ಒಂದಕ್ಕೂ ಇಲ್ಲ.

ನಮ್ಮ ಕಡೆ ಇಂಥದ್ದು ಇರಲೇ ಇಲ್ಲ ಎಂದುಕೊಳ್ಳಬೇಡಿ. ಬೆಂಗಳೂರಿನಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯ ಇಂಜಿನಿಯರರೂ ಸೇರಿ ರೂಪಿಸಿದ ಸಿಂಪ್ಯೂಟರ್ ನೆನಪಿದೆಯೇ? ಅಂಗೈಯಲ್ಲಿ ಹಿಡಿಯುವ, ಲಿನಕ್ಸ್ ಓಡಿಸುವ, ಅಕ್ಷರ ಬಾರದವರಿಗೂ ಸಿಗಬೇಕಾದ ಕಂಪ್ಯೂಟರು. ಅದರ ಹಾರ್ಡ್‌ವೇರ್ ವಿನ್ಯಾಸವನ್ನೇ ತಮ್ಮದೊಂದು ಲೈಸೆನ್ಸಿನಡಿ ಬೇರೆಯವರಿಗೆ ತೆರೆದಿಟ್ಟರು. ಅದೇ ವಿನ್ಯಾಸದಿಂದ ಹುಟ್ಟಿ 2004ರಲ್ಲಿ ಮಾರುಕಟ್ಟೆಗೆ ಬಂದ ಅಮಿಡಾದಲ್ಲಿ ಸಾಧನವನ್ನೇ ಓಲಾಡಿಸಿ ಪುಟ ಮಗುಚಬಹುದಿತ್ತು. ಐಫೋನ್ ಬಂದದ್ದು 2007ರಲ್ಲಿ! ಮಾರಾಟ ನಿರೀಕ್ಷೆಯಷ್ಟು ಆಗಲಿಲ್ಲ, ಅದು ಬೇರೆ ವಿಷಯ. ಬೀಗ ಹಾಕುವ ಬುದ್ಧಿ ನೆಲದ ಗುಣವಲ್ಲ ಅನ್ನುವುದಕ್ಕೆ ಹೇಳಿದೆ.

ಇನ್ನು ನಾನು ಬೀಗ ಹಾಕಿದ ಕಥೆ. 2008ರ ಹೊತ್ತಿಗೆ ನಾನು ಒಂದು ಸಣ್ಣ ಕಂಪನಿಯಲ್ಲಿ ಲ್ಯಾಬಿನ ಯಜಮಾನ. ತೋಟಗಳಿಗೆ ನೀರು ಬಿಡುವ ಕಂಟ್ರೋಲರ್ ಮಾಡುತ್ತಿದ್ದೆವು. ಹೊತ್ತು ಹೊತ್ತಿಗೆ ವಾಲ್ವ್ ತೆರೆದು ಮುಚ್ಚುವುದು ಅದರ ಕೆಲಸ. ಆ ವರ್ಷದ ಆರ್ಥಿಕ ಕುಸಿತದಲ್ಲಿ ನಮ್ಮ ಬಜೆಟ್ಟು ಅರ್ಧವಾಯಿತು, ಅದೇ ಸಮಯಕ್ಕೆ ಎರಡು ದುಬಾರಿ ಪ್ರೋಬ್‌ಗಳು ಕಾಣೆಯಾದವು. ನಾನು ಹಿಂದುಮುಂದು ನೋಡದೆ ಬೀರು ತರಿಸಿ, ರಿಜಿಸ್ಟರ್ ಇಟ್ಟು, ನನ್ನ ಸಹಿಯಿಲ್ಲದೆ ಟೆಸ್ಟ್ ಬೋರ್ಡುಗಳನ್ನು ಯಾರೂ ಮುಟ್ಟಕೂಡದೆಂದು ಇಮೇಲ್ ಕಳಿಸಿದೆ. ಕೀಲಿಕೈ ನನ್ನ ಬೆಲ್ಟಿಗೆ ಬಂತು. ಅದು ಎಲ್ಲಿಂದ ಬಂದ ಕೀಲಿಕೈ ಎಂದು ಆಗ ಹೊಳೆಯಲಿಲ್ಲ.

2009ರ ಮೇ 14ರ ಬೆಳಿಗ್ಗೆ ಹತ್ತು ಗಂಟೆಗೆ, ಮೊಡೆಸ್ಟೋ ಹತ್ತಿರದ ಒಂದು ಬಾದಾಮಿ ತೋಟದಲ್ಲಿ ನಮ್ಮ ಕಂಟ್ರೋಲರುಗಳನ್ನು ಒಟ್ಟಿಗೆ ಚಾಲೂ ಮಾಡಿದೆವು. ಐವತ್ತು ದಿನ ಎಲ್ಲವೂ ಸರಿ. ಜುಲೈ 4ರ ಲಾಂಗ್ ವೀಕೆಂಡ್ ಮುಗಿಯುವ ಭಾನುವಾರ ಸಂಜೆ ತೋಟದ ಯಜಮಾನರಿಂದ ಫೋನು: ಮೂರು ದಿನದಿಂದ ಒಂದು ಹನಿ ನೀರು ಬಂದಿಲ್ಲ. ಸೆಂಟ್ರಲ್ ವ್ಯಾಲಿಯ ಜುಲೈ ಬಿಸಿಲು, ಬಾದಾಮಿಯ ಸಿಪ್ಪೆ ಒಡೆಯುವ ಕಾಲ. ಆಲ್ಟಮಾಂಟ್ ಕಣಿವೆಯ ಗಾಳಿಯಂತ್ರಗಳ ನಡುವೆ ಕಾರು ಓಡಿಸುತ್ತಾ ನನ್ನ ಕೈ ಬೆವರುತ್ತಿತ್ತು. ಹೋಗಿ ನೋಡಿದರೆ ಅವರೂ ಮಗನೂ ವಾಲ್ವುಗಳನ್ನು ಕೈಯಿಂದಲೇ ತಿರುಗಿಸುತ್ತಾ ಸಾಲಿನಿಂದ ಸಾಲಿಗೆ ನಡೆಯುತ್ತಿದ್ದಾರೆ. ಮುದುಕರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನಮ್ಮ ಕಂಟ್ರೋಲರಿನ ಹಸಿರು ದೀಪ ಏನೂ ಆಗಿಲ್ಲವೆಂಬಂತೆ ಮಿಟುಕಿಸುತ್ತಲೇ ಇತ್ತು.

ಆದದ್ದಿಷ್ಟು. ಕಂಟ್ರೋಲರಿನ ಗಡಿಯಾರ ಮಿಲಿಸೆಕೆಂಡುಗಳನ್ನು 32 ಬಿಟ್‌ಗಳ ಅಂಕಿಯಲ್ಲಿ ಎಣಿಸುತ್ತದೆ. 4,29,49,67,295 ಆದಮೇಲೆ, ಹಳೇ ಸ್ಕೂಟರಿನ ಮೀಟರ್ 99999 ಆದಮೇಲೆ ತಿರುಗುವ ಹಾಗೆ, ಮತ್ತೆ ಸೊನ್ನೆ. ಲೆಕ್ಕ ಹಾಕಿದರೆ 49 ದಿನ 17 ಗಂಟೆ 2 ನಿಮಿಷ 47 ಸೆಕೆಂಡು. ಅಂದರೆ ಜುಲೈ 3ರ ಬೆಳಗಿನ ಜಾವ ಮೂರು ಗಂಟೆ. ನಮ್ಮ ಪ್ರೋಗ್ರಾಮು ಮಿಲಿಸೆಕೆಂಡನ್ನು ಸೆಕೆಂಡಿಗೆ ಇಳಿಸಿ, "43,00,000ನೇ ಸೆಕೆಂಡಿಗೆ ನೀರು ಬಿಡು" ಎಂದು ಬರೆದಿಟ್ಟುಕೊಂಡು ಕಾಯುತ್ತಿತ್ತು. ಗಡಿಯಾರವೋ 42,94,967 ದಾಟುವುದೇ ಇಲ್ಲ. ಯಂತ್ರ ನಿಂತುಹೋದರೆ ರೀಸೆಟ್ ಮಾಡಲೆಂದು ವಾಚ್‌ಡಾಗ್ ಎಂಬ ಕಾವಲುನಾಯಿ ಇರುತ್ತದೆ. ಆದರೆ ಯಂತ್ರ ನಿಂತಿರಲಿಲ್ಲವಲ್ಲ, ಶ್ರದ್ಧೆಯಿಂದ ಕಾಯುತ್ತಿತ್ತು, ನಾಯಿ ಬೊಗಳಲಿಲ್ಲ. ತಿದ್ದಿದ್ದು ಎರಡೇ ಸಾಲು.

ಈ ಖಾಯಿಲೆ ನಮ್ಮೊಬ್ಬರದೇ ಅಲ್ಲ. ವಿಂಡೋಸ್ 95ಕ್ಕೂ ಇದೇ 49.7 ದಿನದ ಕಂಟಕವಿತ್ತು. ಅದು ಅಷ್ಟು ದಿನ ಕ್ರ್ಯಾಶ್ ಆಗದೆ ಓಡಿದ್ದನ್ನು ಕಂಡವರು ಕಡಿಮೆ, ಹಾಗಾಗಿ ಬೆಳಕಿಗೆ ಬರಲು ವರ್ಷಗಳೇ ಹಿಡಿದವು. 2015ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ, ಬೋಯಿಂಗ್ 787 ವಿಮಾನದ ಜನರೇಟರ್ ಕಂಟ್ರೋಲ್ ಘಟಕಗಳು ಸತತ 248 ದಿನ ಚಾಲೂ ಇದ್ದರೆ ವಿದ್ಯುತ್ತೇ ಹೋಗಬಹುದೆಂದು ಅವನ್ನು ಆಗಾಗ ಆರಿಸಿ ಹಚ್ಚುವಂತೆ ಆದೇಶ ಹೊರಡಿಸಿತು. ಲಿನಕ್ಸ್ ಕರ್ನಲ್ ಬರೆದವರು ಇದಕ್ಕೆ ಬಲು ಚೆಂದದ ಉಪಾಯ ಮಾಡಿದ್ದಾರೆ. ಅವರ ಗಡಿಯಾರ ಸೊನ್ನೆಯಿಂದ ಶುರುವಾಗುವುದೇ ಇಲ್ಲ, ಮೀಟರ್ ತಿರುಗಲು ಐದು ನಿಮಿಷ ಬಾಕಿ ಇರುವಲ್ಲಿಂದ ಶುರುವಾಗುತ್ತದೆ. ತಪ್ಪಿದ್ದರೆ ಐವತ್ತನೇ ದಿನ ರೈತನ ತೋಟದಲ್ಲಲ್ಲ, ಐದೇ ನಿಮಿಷದಲ್ಲಿ ಬರೆದವನ ಮೇಜಿನ ಮೇಲೇ ಗೊತ್ತಾಗಲಿ ಎಂದು.

ನಮ್ಮ ಮೇಜಿನ ಮೇಲೂ ಗೊತ್ತಾಗಿತ್ತು! ಅದನ್ನು ಹೇಳುವುದಕ್ಕೇ ಇಷ್ಟೆಲ್ಲ ಪೀಠಿಕೆ. ಸೋಮವಾರ ಎಲ್ಲರನ್ನೂ ಕೂರಿಸಿ ವಿವರಿಸಿದ ಮೇಲೆ, ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದಳು. ಮಾರ್ಚಿನಲ್ಲೇ ಲ್ಯಾಬಿನ ಒಂದು ಬೋರ್ಡು ಹೀಗೇ ಸುಮ್ಮನಾಗಿದ್ದನ್ನು ಅವಳು ನೋಡಿದ್ದಳು. ಸಹಿ ಹಾಕಿಸದೆ ಅದಕ್ಕೆ ಪ್ರೋಬ್ ಹಚ್ಚಿದ್ದಳಂತೆ, ತಾನೇ ಕೆಡಿಸಿದೆನೇನೋ ಎಂದು ಹೆದರಿ ರೀಸೆಟ್ ಒತ್ತಿ, ಅದು ಮತ್ತೆ ಓಡತೊಡಗಿದಾಗ ಬದುಕಿದೆಯಾ ಬಡಜೀವವೇ ಎಂದು ಮನೆಗೆ ಹೋದಳಂತೆ. ಕಣ್ಣಲ್ಲಿ ನೀರು. ನಾನು ಏನೋ ಸಮಾಧಾನ ಹೇಳಿದೆ, ಏನು ಹೇಳಿದೆನೆಂದು ನೆನಪಿಲ್ಲ. ಬೆಲ್ಟಿನ ಕೀಲಿಕೈ ಮಾತ್ರ ಸೊಂಟಕ್ಕೆ ಒತ್ತುತ್ತಿತ್ತು. ಅವತ್ತು ಸಂಜೆಯೇ ಬೀರುವಿನ ಬೀಗ ತೆಗೆದೆ. ಕಾಣೆಯಾಗಿದ್ದ ಎರಡು ಪ್ರೋಬ್‌ಗಳು ಆಮೇಲೆ ಸಿಕ್ಕವು, ಬೇರೆ ಮೇಜಿನ ಡ್ರಾಯರಿನಲ್ಲಿ.

ಈಗಿನ ಮಕ್ಕಳಿಗೆ ಸಲಕರಣೆಯ ಬರವಿಲ್ಲ. 2005ರಲ್ಲಿ ಇಟಲಿಯ ಇವ್ರೇಯಾ ಎಂಬ ಊರಿನ ವಿನ್ಯಾಸ ಶಾಲೆಯಲ್ಲಿ, ಎಲೆಕ್ಟ್ರಾನಿಕ್ಸ್ ಓದದ ವಿದ್ಯಾರ್ಥಿಗಳಿಗೆಂದು ಆರ್ಡುಯಿನೋ ಬೋರ್ಡು ಹುಟ್ಟಿತು, ಅಲ್ಲಿನ ಒಂದು ಬಾರಿನ ಹೆಸರೇ ಅದಕ್ಕೆ. 2012ರಲ್ಲಿ 35 ಡಾಲರಿಗೆ ರಾಸ್ಪ್‌ಬೆರಿ ಪೈ ಬಂತು, 2021ರಲ್ಲಿ 4 ಡಾಲರಿಗೆ ಪೈ ಪಿಕೋ. ತಪ್ಪು ತಿದ್ದಲು ವಾರದ ಬಿಸಿಲು ಬೇಡ, ಯುಎಸ್‌ಬಿ ವೈರು ಸಾಕು. ಸುಲಭವಾದದ್ದಕ್ಕೆ ಗೊಣಗುವ ಮುದುಕ ನಾನಲ್ಲ. ಆರ್ಡುಯಿನೋದ ಮಿಲಿಸೆಕೆಂಡ್ ಗಡಿಯಾರವೂ 32 ಬಿಟ್ಟಿನದೇ, ಅದೂ ಐವತ್ತನೇ ದಿನ ತಿರುಗುತ್ತದೆ ಎಂದಷ್ಟೇ ನನ್ನ ಮಗಳಿಗೆ ಹೇಳಿಕೊಟ್ಟಿದ್ದೇನೆ.

ಹೋದ ವರ್ಷ ಆಯುಧಪೂಜೆಯ ಸಂಜೆ ಅವಳು ನಮ್ಮ ಕರಿಬೇವಿನ ಗಿಡಕ್ಕೆ ನೀರು ಹಾಕುವ ಯಂತ್ರವೊಂದನ್ನು ಜೋಡಿಸುತ್ತಿದ್ದಳು. "ಇವತ್ತು ಆಯುಧ ಮುಟ್ಟಬಾರದು ಕಣೇ" ಎಂದು ಅವಳಮ್ಮ. "ಅಮ್ಮಾ, ಮುಟ್ಟೋಲ್ಲ, ಬರೀ ಓಡಿಸ್ತೀನಿ" ಎಂದು ಅವಳು ಗಡಿಯಾರವನ್ನು ಐದು ನಿಮಿಷ ಬಾಕಿ ಇರುವಲ್ಲಿಂದ ಶುರುಮಾಡಿ ಮಂಗಳಾರತಿಗೆ ಬಂದು ನಿಂತಳು. ಗಂಟೆ ಬಾರಿಸುತ್ತಾ ನಾನು ಕಳ್ಳನ ಹಾಗೆ ಕೈಗಡಿಯಾರ ನೋಡುತ್ತಿದ್ದೆ. ಐದು ನಿಮಿಷ ಆಯಿತು, ಆರಾಯಿತು, ಪಂಪಿನ ಸದ್ದಿಲ್ಲ. ಆರತಿ ತೆಗೆದುಕೊಂಡವಳೇ ಗರಾಜಿಗೆ ಓಡಿದಳು.

"ಅಪ್ಪಾ, ಬಗ್ ಇದೆ! ನಿಂತೇ ಹೋಗಿದೆ, ಬಾ ಬೇಗ!"

ಬೀದಿಗೆಲ್ಲ ಕೇಳಿಸುವ ಹಾಗೆ ಕೂಗುತ್ತಿದ್ದಳು. ನಾನು ಚರ್ಪಿನ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಹೋದೆ. ಪ್ರೋಬಿಗೆ ಮುಡಿಸಿದ್ದ ಚೆಂಡುಹೂವನ್ನು ಅವಳು ಆಗಲೇ ಕಿತ್ತು ಪಕ್ಕಕ್ಕಿಟ್ಟಿದ್ದಳು.